ಕಾಳಗದಾಟದ ಗರಡಿಯಲ್ಲೊಬ್ಬ ಹೊಸಬ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



 ಕಳೆದ ವಾರ ಕಾರ್ಯದರ್ಶಿಗಳು ನಮ್ಮ ಮನೆಗೆ ದಯಮಾಡಿಸಿ ಭಾಷಣದ ವಿಷಯವೇನೆಂದು ವಿಚಾರಿಸಿದರು. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಅಂಕಗಣಿತ ಕಲಿಸಿದವನು ಲೀಲಾವತಿಯ ವಿಷಯವಾಗಿಯೋ ಮಗ್ಗಿಯ ವಿಷಯವಾಗಿಯೋ ಏನಾದರೂ ಹೇಳಿಯಾನೆಂದು ಅವರು ಎಣಿಸಿದ್ದಿರಬೇಕು. ‘ವಿಡಿಯೋ ಆಟ, ಅದರಲ್ಲಿಯೂ ಇಬ್ಬರು ಎದುರುಬದುರಾಗಿ ಹೊಡೆದಾಡುವ ಆಟ’ ಎಂದೆ. ಅವರು ಚಹದ ಬಟ್ಟಲನ್ನು ಕೆಳಗಿಟ್ಟು, ಒಳಗಿದ್ದ ನಮ್ಮ ಮನೆಯವರ ಕಡೆಗೆ ಒಮ್ಮೆ ನೋಡಿದರು. ಅವರ ಸಂದೇಹವು ನನಗೆ ತಿಳಿಯದೆ ಇರಲಿಲ್ಲ. ಮುದುಕನ ಬುದ್ಧಿ ನೆಟ್ಟಗಿದೆಯೇ ಎಂಬುದೇ ಆ ಸಂದೇಹ. ನೆಟ್ಟಗಿದೆಯೆಂದು ತೋರಿಸುವ ಹೊಣೆ ಈಗ ನನ್ನ ಮೇಲೆ ಬಿದ್ದಿದೆ.

ವಿಷಯಕ್ಕೆ ಬರುವ ಮೊದಲು ಒಂದು ಹಳೆಯ ಸಂಗತಿಯನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕಾಗಿದೆ. ಅದು 1994ನೆಯ ಇಸವಿ ಇರಬೇಕು. ನಮ್ಮ ಪೇಟೆಯ ಬಸ್ ನಿಲ್ದಾಣದ ಹಿಂದೆ, ಸೈಕಲ್ ದುರಸ್ತಿಯ ಅಂಗಡಿಗೆ ತಾಗಿಕೊಂಡು, ವಿಡಿಯೋ ಆಟದ ಒಂದು ಕೋಣೆ ಇತ್ತು. ಬಾಗಿಲಿಗೆ ಕಪ್ಪು ಪರದೆ. ಒಳಗೆ ಮೂರು ಯಂತ್ರ. ಒಂದು ರೂಪಾಯಿಯ ನಾಣ್ಯ ಹಾಕಿದರೆ ಒಂದು ಆಟ. ನನ್ನ ತರಗತಿಯ ಹುಡುಗನೊಬ್ಬನು ಮಧ್ಯಾಹ್ನದ ಮೇಲೆ ಶಾಲೆಗೆ ಬಾರದೆ ಅಲ್ಲಿ ನಿಂತಿರುವನೆಂದು ತಿಳಿದು, ನಾನು ಹೋಗಿ ಅವನ ಕಿವಿ ಹಿಡಿದು ಹೊರಗೆಳೆದು ತಂದೆ. ಅವನು ಆಗ ಆಟದ ನಡುವೆ ಇದ್ದನು. ಸುತ್ತಲಿದ್ದ ಹುಡುಗರಲ್ಲಿ ಯಾರೋ ಒಬ್ಬನು ಧೈರ್ಯ ಮಾಡಿ, ‘ಸರ, ಅಂವಾ ಮಧ್ಯಾಹ್ನದಿಂದ ಒಬ್ಬರಿಗೂ ಸೋತಿಲ್ರೀ’ ಎಂದನು. ‘ಭಾಗಾಕಾರ ಬಾರದವನಿಗೆ ಇದರಲ್ಲೇನು ಗೆಲುವು?’ ಎಂದು ನಾನು ಗದರಿಸಿದೆ.

ಆ ಹುಡುಗನಿಗೆ 618ನ್ನು 6ರಿಂದ ಭಾಗಿಸಲು ಬರುತ್ತಿರಲಿಲ್ಲ. ಉತ್ತರವು 103. ಅವನು ಪ್ರತಿಸಲವೂ 13 ಎಂದೇ ಬರೆಯುತ್ತಿದ್ದನು. ನಡುವಿನ ಸೊನ್ನೆಯನ್ನು ಬಿಟ್ಟುಬಿಡುತ್ತಿದ್ದನು. ‘ಇಷ್ಟು ಸುಲಭವಾದದ್ದು ನಿನ್ನ ತಲೆಗೆ ಹೋಗುವುದಿಲ್ಲವೇ?’ ಎಂದು ಬಾಯಿಂದಲೂ ಹೇಳಿದ್ದೆ, ಬೆತ್ತದಿಂದಲೂ ಹೇಳಿದ್ದೆ. ಮರುವರ್ಷ ಅವನು ಶಾಲೆ ಬಿಟ್ಟನು. ನಾನು ಅವನನ್ನು ಮರೆತೆನು.

ಮೂರು ವರ್ಷಗಳ ಹಿಂದೆ, ನನ್ನ ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಪುಣೆಯಲ್ಲಿ ಉದ್ಯೋಗದಲ್ಲಿರುವ ಮಗನು ಬೇಸಗೆಯ ರಜೆಗೆ ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದನು. ಹದಿಮೂರು ವರ್ಷದ ಮೊಮ್ಮಗಳು ಒಂದು ಸಣ್ಣ ಪೆಟ್ಟಿಗೆಯನ್ನು ಟಿ.ವಿ.ಗೆ ಜೋಡಿಸಿ, ಹಿಡಿಕೆ ಮತ್ತು ಗುಂಡಿಗಳಿದ್ದ ಎರಡು ಹಲಗೆಗಳನ್ನು ಚಾಪೆಯ ಮೇಲಿಟ್ಟು, ‘ಅಜ್ಜಾ, ಬಾ, ಆಡೋಣು’ ಎಂದಳು. ಮಳೆ ಬಂದು ಕರೆಂಟು ಹೋಗಿ ಮರಳಿ ಬಂದಿದ್ದ ಸಂಜೆ; ಓದಲು ಪತ್ರಿಕೆಯೂ ಮುಗಿದಿತ್ತು. ಕೂತೆ.

ಈ ಆಟದ ಕುಲಗೋತ್ರಗಳನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಜಪಾನಿನ ಓಸಾಕಾ ನಗರದ ಕ್ಯಾಪ್ಕಾಮ್ ಎಂಬ ಕಂಪನಿಯು 1987ರಲ್ಲಿ ‘ಸ್ಟ್ರೀಟ್ ಫೈಟರ್’ ಎಂಬ ಆಟವನ್ನು ಹೊರತಂದಿತು. ಅದು ಅಷ್ಟಾಗಿ ಮನಸ್ಸನ್ನು ಹಿಡಿಯುವಂಥದ್ದಲ್ಲ. 1991ರಲ್ಲಿ ಅಕಿರಾ ನಿಶಿತಾನಿ, ಅಕಿರಾ ಯಾಸುದಾ ಎಂಬವರು ಮುಂದಾಳುಗಳಾಗಿ ನಿರ್ಮಿಸಿದ ಎರಡನೆಯ ಭಾಗವು ಲೋಕವನ್ನೇ ಸುತ್ತಿತು. ಅದರ ಅಬ್ಬರದಲ್ಲಿಯೇ ಫೇಟಲ್ ಫ್ಯೂರಿ, ವರ್ಚುವಾ ಫೈಟರ್, ಟೆಕ್ಕೆನ್ ಮುಂತಾದ ಆಟಗಳು ಸಾಲಾಗಿ ಬಂದವು. ನಮ್ಮ ಕಡೆಯ ಅಂಗಡಿಗಳಲ್ಲಿ ಹುಡುಗರು ‘ಮುಸ್ತಫಾ’ ಎಂದು ಕರೆಯುತ್ತಿದ್ದ ಆಟವೊಂದಿತ್ತಷ್ಟೆ, ಅದರ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’, 1993ರದು, ಅದೂ ಇದೇ ಕಂಪನಿಯದೇ. ಆದರೆ ಅದು ಗುಂಪಿನ ಹೊಡೆದಾಟ. ನಾನು ಹೇಳುತ್ತಿರುವುದು ಜೋಡಿ ಕಾಳಗ. 2018ರಲ್ಲಿ ಆ ಕಂಪನಿಯು ತನ್ನ ಹಳೆಯ ಹನ್ನೆರಡು ಆಟಗಳನ್ನು ಒಂದುಗೂಡಿಸಿ ಹೊರಡಿಸಿದ ಸಂಗ್ರಹವೇ ನನ್ನ ಮೊಮ್ಮಗಳ ಪೆಟ್ಟಿಗೆಯಲ್ಲಿತ್ತು. ನಾವು ಆಡಿದ್ದು 1992ರ ‘ಹೈಪರ್ ಫೈಟಿಂಗ್’ ಎಂಬ ವೇಗದ ಆವೃತ್ತಿಯನ್ನು.

ತೆರೆಯ ಮೇಲೆ ಇಬ್ಬರು ಮಲ್ಲರು ನಿಲ್ಲುತ್ತಾರೆ. ಎಡಗೈಯಲ್ಲಿ ಹಿಡಿಕೆ: ಮುಂದೆ, ಹಿಂದೆ, ಮೇಲೆ, ಕೆಳಗೆ, ಅವುಗಳ ನಡುವಿನ ನಾಲ್ಕು ಮೂಲೆಗಳು, ಹೀಗೆ ಎಂಟು ದಿಕ್ಕು. ಬಲಗೈಗೆ ಆರು ಗುಂಡಿ: ಮೇಲಿನ ಮೂರು ಗುದ್ದಿಗೆ, ಕೆಳಗಿನ ಮೂರು ಒದೆಗೆ, ಒಂದೊಂದರಲ್ಲಿಯೂ ಹಗುರ, ಮಧ್ಯಮ, ಭಾರ ಎಂಬ ಭೇದ. ಮೂರು ಸುತ್ತಿನಲ್ಲಿ ಎರಡನ್ನು ಗೆದ್ದವನು ಗೆದ್ದಂತೆ. ಇಷ್ಟೇ. ಇದನ್ನು ಕೇಳಿದಾಗ ನನಗೆ ಪಗಡೆಗಿಂತ ಸುಲಭವೆನಿಸಿತು.

ರ್ಯೂ ಎಂಬ ಬಿಳಿಯ ಉಡುಪಿನ ಜಪಾನೀ ಮಲ್ಲನನ್ನು ಮೊಮ್ಮಗಳು ನನಗೆ ಆರಿಸಿಕೊಟ್ಟಳು. ಅವನ ಅಂಗೈಯಿಂದ ನೀಲಿ ಬೆಳಕಿನ ಚೆಂಡೊಂದು ಹೊರಟು ಎದುರಾಳಿಯನ್ನು ಹೊಡೆಯುತ್ತದೆ; ಜಪಾನೀ ಭಾಷೆಯಲ್ಲಿ ಅದಕ್ಕೆ ‘ಹಾದೋಕೆನ್’ ಎನ್ನುತ್ತಾರೆ. ಅದನ್ನು ಹೊರಡಿಸುವ ಕ್ರಮವೆಂದರೆ: ಹಿಡಿಕೆಯನ್ನು ಮೊದಲು ಕೆಳಕ್ಕೆ, ಅಲ್ಲಿಂದ ಕೆಳಗಿನ ಮುಂದಿನ ಮೂಲೆಗೆ, ಅಲ್ಲಿಂದ ನೇರ ಮುಂದಕ್ಕೆ ಒಂದೇ ಓಟದಲ್ಲಿ ಜಾರಿಸಿ, ಮುಂದಕ್ಕೆ ತಲಪುವಾಗಲೇ ಗುದ್ದಿನ ಗುಂಡಿಯನ್ನು ಒತ್ತಬೇಕು. ‘ಭಾಳ ಸುಲಭ ಅಜ್ಜಾ’ ಎಂದಳು. ಅವಳು ಹತ್ತು ಸಲ ಮಾಡಿ ತೋರಿಸಿದಳು. ಹತ್ತು ಚೆಂಡು ಹೊರಟವು. ನಾನು ಹತ್ತು ಸಲ ಮಾಡಿದೆ, ಒಂದೂ ಹೊರಡಲಿಲ್ಲ. ನನ್ನ ಮಲ್ಲನು ಕುಳಿತನು, ಎದ್ದನು, ಗಾಳಿಯನ್ನು ಗುದ್ದಿದನು.

‘ಅಜ್ಜಾ, ನೀ ಮೂಲಿ ಬಿಟ್ಟಿ’ ಎಂದಳು.

ನಾನು ಬಿಟ್ಟಿರಲಿಲ್ಲ; ನನ್ನ ಮಟ್ಟಿಗೆ ಬಿಟ್ಟಿರಲಿಲ್ಲ. ಕೆಳಗಿನಿಂದ ಮುಂದಕ್ಕೆ ಹೋಗುವ ಕೈ ನಡುವಿನ ಮೂಲೆಯನ್ನು ದಾಟದೆ ಹೇಗೆ ಹೋದೀತು? ದಾಟಿಯೇ ಇದೆಯೆಂದು ನನ್ನ ಕೈ ಸಾಕ್ಷಿ ಹೇಳುತ್ತಿತ್ತು. ಆದರೆ ನಾನು ಕೆಳಗೆ ಒತ್ತಿ, ಹಿಡಿಕೆಯನ್ನು ನಡುವಿಗೆ ಬಿಟ್ಟು, ಆಮೇಲೆ ಮುಂದಕ್ಕೆ ತಳ್ಳುತ್ತಿದ್ದೆ. ಮೂಲೆ ಎಂಬ ಮೆಟ್ಟಿಲು ಯಂತ್ರದ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಲೆಕ್ಕಕ್ಕೆ ಬಾರದ ಮೆಟ್ಟಿಲನ್ನು ಅದು ಕ್ಷಮಿಸುವುದಿಲ್ಲ; ಬರಿಯ ಗುದ್ದೊಂದನ್ನು ಕೊಟ್ಟು ಸುಮ್ಮನಾಗುತ್ತದೆ.

ಮಹನೀಯರೇ, ಆ ಕ್ಷಣದಲ್ಲಿ 618 ನನ್ನ ಕಣ್ಣ ಮುಂದೆ ಬಂದಿತು. 6ರಲ್ಲಿ 6 ಒಂದು ಸಲ. ಮುಂದಿನ 1ನ್ನು ಇಳಿಸಿದರೆ 6 ಹೋಗುವುದಿಲ್ಲ. ಹೋಗದಿದ್ದ ಮೇಲೆ ಬರೆಯುವುದೇನಿದೆ? 8ನ್ನೂ ಇಳಿಸಿ 18 ಮಾಡಿ 3 ಎಂದು ಬರೆದರೆ ಆಯಿತು. ಆ ಹುಡುಗನು ಸೊನ್ನೆಯನ್ನು ಮರೆತಿರಲಿಲ್ಲ. ಏನೂ ಆಗದಿದ್ದಲ್ಲಿ ಏನನ್ನೂ ಬರೆಯಬೇಕಾಗಿಲ್ಲವೆಂಬುದು ಅವನ ತರ್ಕವಾಗಿತ್ತು. ಅವನ ಕೈಯೂ ಸಾಕ್ಷಿ ಹೇಳುತ್ತಿತ್ತು. ಏನೂ ಆಗಲಿಲ್ಲವೆಂಬುದನ್ನೇ ಬರೆದು ಗುರುತಿಸಬೇಕೆಂದು ನಾನು ಅವನಿಗೆ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ‘ಸುಲಭ’ ಎಂದು ಮಾತ್ರ ಹೇಳಿದ್ದೆ.

ಮೊಮ್ಮಗಳು ನನಗಿಂತ ಒಳ್ಳೆಯ ಉಪಾಧ್ಯಾಯಿನಿ. ಅವಳು ‘ಸುಲಭ’ ಎಂಬ ಮಾತನ್ನು ಅಂದಿಗೇ ಬಿಟ್ಟಳು. ಆಟವನ್ನು ನಿಲ್ಲಿಸಿ, ಎದುರಾಳಿಯು ಅಲುಗಾಡದೆ ನಿಂತುಕೊಂಡಿರುವ ಅಭ್ಯಾಸದ ಅಂಕಣಕ್ಕೆ ನನ್ನನ್ನು ಕರೆದೊಯ್ದಳು. ಗುಂಡಿಯ ಗೊಡವೆಯೇ ಬೇಡ, ಹಿಡಿಕೆಯನ್ನು ಅದರ ಅಂಚಿಗೆ ಒರಗಿಸಿಕೊಂಡು ಮೆಲ್ಲನೆ ಕಾಲುಚಕ್ರ ಬರೆ ಎಂದಳು. ಬರೆದೆ. ‘ಟಕ್’ ಎಂದು ಕೆಳಗೆ, ‘ಟಕ್’ ಎಂದು ಮೂಲೆಗೆ, ‘ಟಕ್’ ಎಂದು ಮುಂದಕ್ಕೆ, ಹೀಗೆ ಮೂರು ಸದ್ದು ಬೇರೆ ಬೇರೆ ಕೇಳಿಸಬೇಕು. ಆಮೇಲೆ ಸದ್ದುಗಳ ನಡುವಿನ ಅಂತರವನ್ನು ಕಡಿಮೆ ಮಾಡುತ್ತ ಬರಬೇಕು. ಕಟ್ಟಕಡೆಗೆ ಗುಂಡಿ. ನಾನು ಹಳೆಯ ಚಾಳಿಯಂತೆ ನೋಟುಪುಸ್ತಕದಲ್ಲಿ ಗುರುತು ಹಾಕಿಕೊಂಡೆ: ಮೊದಲನೆಯ ದಿನ 50ಕ್ಕೆ 3, ನಾಲ್ಕನೆಯ ದಿನ 50ಕ್ಕೆ 17, ಎಂಟನೆಯ ದಿನ 50ಕ್ಕೆ 31. ಪಾಸಾದೆನೆಂದು ಹಿಗ್ಗಿದೆ. ಆಗ ಅವಳು ನನ್ನ ಮಲ್ಲನ ತಲೆಯ ಮೇಲಿಂದ ನೆಗೆದು ಆಚೆಯ ಕಡೆಗೆ ನಿಂತಳು. ಈಗ ‘ಮುಂದೆ’ ಎಂಬುದು ಎಡಕ್ಕೆ ತಿರುಗಿತು. ಕಲಿತದ್ದೆಲ್ಲ ಕನ್ನಡಿಯಲ್ಲಿ ಕಂಡಂತೆ ಬುಡಮೇಲಾಯಿತು. ಆ ಕಡೆಯಿಂದ 50ಕ್ಕೆ 4.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯವರಿಗೆ ಗರಡಿಮನೆಯನ್ನು ನಾನು ಪರಿಚಯಿಸಬೇಕಾಗಿಲ್ಲ. ನನ್ನ ಕಾಕಾ ಕುಸ್ತಿ ಆಡುತ್ತಿದ್ದರು. ವಸ್ತಾದರು ಹೊಸ ಹುಡುಗನನ್ನು ತಿಂಗಳುಗಟ್ಟಲೆ ಅಖಾಡಕ್ಕೆ ಇಳಿಸುತ್ತಿರಲಿಲ್ಲವೆಂದು ಅವರು ಹೇಳುತ್ತಿದ್ದರು. ಸಾಮು ಮಾಡು, ಮಣ್ಣು ಹದಮಾಡು, ಬೇರೆಯವರ ಕುಸ್ತಿಯನ್ನು ನೋಡು. ಇಳಿಸಿದ ಮೇಲೂ ಮೊದಲು ಕಲಿಸುತ್ತಿದ್ದುದು ಕೆಡಹುವುದನ್ನಲ್ಲ, ನಿಲ್ಲುವುದನ್ನು. ಈ ಆಟದಲ್ಲಿಯೂ ಅದೇ ಕ್ರಮವೆಂಬುದು ನನಗೆ ತಡವಾಗಿ ಹೊಳೆಯಿತು. ಹೊಸಬನ ಬಾಯಲ್ಲಿ ನೀರೂರಿಸುವುದು ಬೆಳಕಿನ ಚೆಂಡು. ಅವನನ್ನು ಬದುಕಿಸುವುದು ತಡೆ.

ತಡೆಗೆ ಗುಂಡಿಯೇ ಇಲ್ಲ. ಎದುರಾಳಿಯಿಂದ ದೂರಕ್ಕೆ ಹಿಡಿಕೆಯನ್ನು ಎಳೆದು ಹಿಡಿದರೆ ಮಲ್ಲನು ತಾನಾಗಿ ತೋಳನ್ನು ಅಡ್ಡ ಒಡ್ಡುತ್ತಾನೆ. ಕುಳಿತು ತಡೆದರೆ ಕಾಲಿಗೆ ಬರುವ ಒದೆಗಳೂ ನಿಂತು ಹೊಡೆಯುವ ಏಟುಗಳೂ ನಿಲ್ಲುತ್ತವೆ. ಆದರೆ ಮೇಲಿನಿಂದ ನೆಗೆದು ಬರುವ ಏಟನ್ನು ಎದ್ದು ನಿಂತೇ ತಡೆಯಬೇಕು. ಹಾಗಾದರೆ ಸದಾ ತಡೆದುಕೊಂಡೇ ಇರಬಹುದಲ್ಲ ಎಂದು ತಾವು ಕೇಳಬಹುದು, ನಾನೂ ಕೇಳಿದೆ. ಉತ್ತರವಾಗಿ ಅವಳು ಹತ್ತಿರ ನಡೆದುಬಂದು ನನ್ನ ಮಲ್ಲನನ್ನು ಎತ್ತಿ ಒಗೆದಳು. ಹಿಡಿದು ಒಗೆಯುವ ಪಟ್ಟಿಗೆ ತಡೆ ನಡೆಯುವುದಿಲ್ಲ. ಏಟನ್ನು ತಡೆ ನಿಲ್ಲಿಸುತ್ತದೆ. ತಡೆಯನ್ನು ಹಿಡಿತವು ಮುರಿಯುತ್ತದೆ. ಹಿಡಿಯಲು ಬರುವವನನ್ನು ದೂರದಲ್ಲಿಯೇ ಏಟು ನಿಲ್ಲಿಸುತ್ತದೆ. ಈ ಮೂರು ಎಳೆಗಳನ್ನು ಹೆಣೆದು ಇಡೀ ಆಟವನ್ನು ನೇಯ್ದಿದ್ದಾರೆ. ಚಾದರ ನೇಯುವ ಊರಿನವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಎತ್ತಿ ಒಗೆದದ್ದು ನನಗೆ ಸಹಿಸಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ‘ತಡೆದವನನ್ನು ಹಿಡಿದು ಒಗೆಯುವುದು ಅನ್ಯಾಯ’ ಎಂದೆ. ಅವಳು ಸಿಟ್ಟಾಗಲಿಲ್ಲ. ‘ನಿನ್ನ ಕಡೀನೂ ಅವ ಆರು ಗುಂಡಿ ಅದಾವಲ್ಲ ಅಜ್ಜಾ’ ಎಂದಳು. ಹೊಸಬರೆಲ್ಲರೂ ಈ ಮೆಟ್ಟಿಲಲ್ಲಿ ಎಡವುತ್ತಾರೆ. ತಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಠ್ಯದ ಹೊರಗಿನದೆಂದು ಹಟ ಹಿಡಿಯುತ್ತಾರೆ. ಪರೀಕ್ಷೆಯ ಮರುದಿನ ಮಕ್ಕಳು ನನ್ನ ಮೇಜಿನ ಮುಂದೆ ನಿಂತು ಹೇಳುತ್ತಿದ್ದ ಮಾತನ್ನೇ ನಾನು ಚಾಪೆಯ ಮೇಲೆ ಕುಳಿತು ಹೇಳಿದ್ದೆ.

ಎರಡನೆಯ ದುರಭ್ಯಾಸವೆಂದರೆ ನೆಗೆತ. ಹೊಸಬನ ಮಲ್ಲನು ಮಿಡತೆಯಂತೆ ಸದಾ ನೆಗೆಯುತ್ತಿರುತ್ತಾನೆ. ಇದಕ್ಕೆ ಕಾರಣವನ್ನು ಲೆಕ್ಕದಿಂದ ವಿವರಿಸಿದರೆ ಸ್ಪಷ್ಟವಾದೀತು. ಈ ಆಟದ ತೆರೆಯು ಸೆಕೆಂಡಿಗೆ 60 ಚಿತ್ರಗಳಂತೆ ಓಡುತ್ತದೆ. ಬಲ್ಲವರು ಒಂದೊಂದು ಚಿತ್ರವನ್ನೂ ಒಂದು ಫ್ರೇಮ್ ಎಂದು ಎಣಿಸುತ್ತಾರೆ. ಮನುಷ್ಯನ ಕಣ್ಣು ಕಂಡದ್ದನ್ನು ಕೈಗೆ ಮುಟ್ಟಿಸಲು ಸುಮಾರು ಕಾಲು ಸೆಕೆಂಡು, ಎಂದರೆ 15 ಫ್ರೇಮ್ ಬೇಕು. ಹಗುರವಾದ ಗುದ್ದು ನಾಲ್ಕೈದು ಫ್ರೇಮಿನಲ್ಲಿಯೇ ತಲಪಿಬಿಡುತ್ತದೆ. ಅದನ್ನು ಕಂಡು ತಡೆಯುವುದು ಯಾವ ಮನುಷ್ಯನಿಗೂ ಸಾಧ್ಯವಿಲ್ಲ. ಮುಂದಾಗಿ ಊಹಿಸಿಯೇ ತಡೆಯಬೇಕು. ನೆಗೆತವೋ, ಏರಿ ಇಳಿಯಲು ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಒಮ್ಮೆ ನೆಲ ಬಿಟ್ಟವನು ನಡುವೆ ದಿಕ್ಕು ಬದಲಿಸಲಾರನು. ಅವನನ್ನು ಕಂಡು, ಯೋಚಿಸಿ, ಹೊಡೆದು ಕೆಡಹಲು ಮುದುಕನಿಗೂ ಹೊತ್ತು ಸಾಲುತ್ತದೆ. ನೆಗೆಯುವವನು ತನ್ನ ಉತ್ತರವನ್ನು ಮೊದಲೇ ಗಟ್ಟಿಯಾಗಿ ಓದಿ ಹೇಳಿದಂತೆ. ‘ಅಜ್ಜಾ, ನೀ ಹಾರೂದ ಬಿಡು’ ಎಂದು ಅವಳು ಒಂದು ವಾರ ಪ್ರತಿ ಸುತ್ತಿಗೂ ಹೇಳಿದಳು. ನೆಗೆತವನ್ನು ಬಿಟ್ಟ ಮೇಲೆ ನೆಲದ ಮೇಲಿನ ಅಂತರವೆಂಬುದು ನನ್ನ ಕಣ್ಣಿಗೆ ಬಿದ್ದಿತು: ಅವಳ ಒದೆ ನನಗೆ ತಾಗದೆ ನನ್ನ ಒದೆ ಅವಳಿಗೆ ತಾಗುವ ಗೇಣಗಲದ ಜಾಗ. ಬಲ್ಲವರ ಕಾಳಗವನ್ನು ನೋಡಿದರೆ ಇಬ್ಬರೂ ಹೆಜ್ಜೆ ಮುಂದೆ ಹೆಜ್ಜೆ ಹಿಂದೆ ಇಡುತ್ತ ಏನೂ ಮಾಡುತ್ತಿಲ್ಲವೆಂದು ತೋರುತ್ತದೆ. ಅವರು ಆ ಗೇಣಿಗಾಗಿ ಕಾದಾಡುತ್ತಿರುತ್ತಾರೆ.

ಯಾವ ಮಲ್ಲನನ್ನು ಹಿಡಿಯಬೇಕೆಂಬ ಪ್ರಶ್ನೆಗೆ ನಾನು ಹೇಳುವುದಿಷ್ಟೇ: ಯಾರನ್ನಾದರೂ ಹಿಡಿಯಿರಿ, ಹಿಡಿದವನನ್ನು ಆರು ತಿಂಗಳು ಬಿಡಬೇಡಿರಿ. ಸೋತಾಗಲೆಲ್ಲ ಮಲ್ಲನನ್ನು ಬದಲಿಸುವವನು ಪ್ರತಿ ತಿಂಗಳು ಶಾಲೆ ಬದಲಿಸುವ ವಿದ್ಯಾರ್ಥಿಯಂತೆ. ರ್ಯೂನಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಇರುವುದರಿಂದ ಅವನು ಕಲಿಕೆಗೆ ಅನುಕೂಲ. ಅಮೆರಿಕದ ಸೈನಿಕನಾದ ಗೈಲ್‌ನ ಪಟ್ಟುಗಳು ಹೊರಡಬೇಕಾದರೆ ಹಿಡಿಕೆಯನ್ನು ಸ್ವಲ್ಪ ಹೊತ್ತು ಹಿಂದಕ್ಕೋ ಕೆಳಕ್ಕೋ ಎಳೆದು ಹಿಡಿದಿರಬೇಕು. ಹಿಂದಕ್ಕೆ ಎಳೆದರೆ ತಡೆಯೂ ಆಯಿತಷ್ಟೆ. ಆದುದರಿಂದ ಅವನು ತಾಳ್ಮೆಯನ್ನು ಕಲಿಸುತ್ತಾನೆ. ಜಾಂಗೀಫ್ ಎಂಬವನು ಸೋವಿಯೆತ್ ದೇಶದ ಕುಸ್ತಿಪಟು. ಆಟವು ಹೊರಬಂದ 1991ರ ಡಿಸೆಂಬರಿನಲ್ಲಿಯೇ ಅವನ ದೇಶವು ಇಲ್ಲವಾಯಿತು, ಅವನು ಮಾತ್ರ ಉಳಿದನು. ಹಿಡಿಕೆಯನ್ನು ಪೂರಾ ಒಂದು ಸುತ್ತು ತಿರುಗಿಸಿ ಗುದ್ದು ಒತ್ತಿದರೆ ಎದುರಾಳಿಯನ್ನು ತಲೆಕೆಳಗು ಮಾಡಿ ಗಿರ್ರನೆ ತಿರುಗಿಸಿ ನೆಲಕ್ಕೆ ಕುಟ್ಟುತ್ತಾನೆ. ಆದರೆ ಅವನಿಗೆ ಬೆಳಕಿನ ಚೆಂಡಿಲ್ಲ. ಏಟುಗಳನ್ನು ದಾಟಿ ಹತ್ತಿರ ಬರಬೇಕು. ನನ್ನ ಕಾಕಾ ಇದ್ದಿದ್ದರೆ ಅವನನ್ನೇ ಆರಿಸಿಕೊಳ್ಳುತ್ತಿದ್ದರು. ಇನ್ನು ನಮ್ಮ ದೇಶದವನೆಂದು ಜಪಾನಿನವರು ಚಿತ್ರಿಸಿದ ಧಾಲ್ಸಿಮ್: ಕೊರಳಲ್ಲಿ ತಲೆಬುರುಡೆಗಳ ಸರ, ಹಿನ್ನೆಲೆಯಲ್ಲಿ ಆನೆಗಳು, ಹಗ್ಗದಂತೆ ನೀಳುವ ಕೈಕಾಲು, ಬಾಯಿಂದ ಬೆಂಕಿ. ಯೋಗಾಭ್ಯಾಸದಿಂದ ಇದೆಲ್ಲ ಬರುವುದಾದರೆ ನಮ್ಮ ಶಾಲೆಯ ಕವಾಯತಿನ ಮೇಷ್ಟರಿಗೆ ಎಂದೋ ಬರಬೇಕಾಗಿತ್ತು. ಹಾಸ್ಯವಿರಲಿ, ದೂರದಲ್ಲಿ ನಿಂತು ಅಂತರವನ್ನು ಕಾಯುವ ವಿದ್ಯೆಯನ್ನು ಅವನಷ್ಟು ಚೆನ್ನಾಗಿ ಕಲಿಸುವವರಿಲ್ಲ.

ಒಂದರ ಬೆನ್ನಿಗೆ ಒಂದರಂತೆ ಬಿಡುವಿಲ್ಲದೆ ತಾಗುವ ಏಟುಗಳ ಸರಮಾಲೆಯನ್ನು ‘ಕಾಂಬೋ’ ಎನ್ನುತ್ತಾರೆ. ಇಂದಿನ ಮಕ್ಕಳು ಮೊದಲ ದಿನವೇ ಇದಕ್ಕೆ ಕೈಹಾಕುತ್ತಾರೆ. ವಿಚಿತ್ರವೆಂದರೆ ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಆಟವನ್ನು ತಯಾರಿಸುವಾಗ, ಕಾರೊಂದನ್ನು ಗುದ್ದಿ ಪುಡಿಮಾಡುವ ನಡುವಣ ಅಂಕವನ್ನು ಪರೀಕ್ಷಿಸುತ್ತಿದ್ದ ನೊರಿತಾಕಾ ಫುನಾಮಿಝು ಎಂಬವರಿಗೆ, ಹೊತ್ತು ಸರಿಯಾಗಿ ನೋಡಿದರೆ ಒಂದು ಏಟಿನ ಬೆನ್ನಿಗೆ ಇನ್ನೊಂದನ್ನು ಜೋಡಿಸಬಹುದೆಂದು ಕಂಡಿತು. ಯಾರಿಂದಲೂ ಆಗದಷ್ಟು ಕಷ್ಟವೆಂದು ಎಣಿಸಿ ಅದನ್ನು ಹಾಗೆಯೇ ಬಿಟ್ಟರು. ಲೋಕದ ಹುಡುಗರಿಂದ ಆಯಿತು. ನನ್ನಿಂದ ಈವರೆಗೆ ಎರಡು ಏಟುಗಳ ಸರ ಆಗಿದೆ. ಮೂರನೆಯದು ಬರುವ ದೀಪಾವಳಿಗೆ ಆದೀತೆಂಬ ನಂಬಿಕೆಯಿದೆ.

ಇಷ್ಟೆಲ್ಲ ಸೋಲನ್ನು ಸಹಿಸಿ ಆಡುವವರು ಯಾರಿದ್ದಾರೆಂದರೆ, ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ. ಅಮೆರಿಕದಲ್ಲಿ ‘ಈವೋ’ ಎಂಬ ಪಂದ್ಯ ವರ್ಷವರ್ಷವೂ ಕೂಡುತ್ತದೆ. 2004ರ ಪಂದ್ಯದಲ್ಲಿ ಜಪಾನಿನ ದಾಯ್ಗೊ ಉಮೆಹಾರಾ ಎಂಬ ಆಟಗಾರನ ಮಲ್ಲನಿಗೆ ಜೀವ ಎಳ್ಳಷ್ಟು ಉಳಿದಿತ್ತು. ತಡೆದರೂ ಅದರ ಪೆಟ್ಟಿಗೇ ಸಾಯುವ ಸ್ಥಿತಿ. ಎದುರಾಳಿಯಾದ ಜಸ್ಟಿನ್ ವಾಂಗ್ ಹದಿನೈದು ಒದೆಗಳ ಮಳೆಯನ್ನು ಸುರಿಸಿದನು. ಆ ಆಟದಲ್ಲಿ, ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಮುಂದಕ್ಕೆ ತಟ್ಟಿದರೆ ಏಟು ನಿಷ್ಫಲವಾಗುತ್ತದೆ. ಕ್ಷಣ ತಪ್ಪಿದರೆ ಸಾವು. ಹದಿನೈದನ್ನೂ ತಟ್ಟಿ ಕಳೆದು ಉಮೆಹಾರಾ ಆ ಸುತ್ತನ್ನು ಗೆದ್ದನು. ಆ ದೃಶ್ಯವನ್ನು ಇಂದಿಗೂ ಜನರು ಮತ್ತೆ ಮತ್ತೆ ನೋಡುತ್ತಾರೆ. ಅದೇ ಪಂದ್ಯದ ಕೊನೆಯ ಕಾಳಗದಲ್ಲಿ ಅವನು ಕೆಂಜಿ ಒಬಾತಾ ಎಂಬ ತನ್ನ ದೇಶದವನಿಗೇ ಸೋತನೆಂಬುದನ್ನು ನೆನಪಿಡುವವರು ಕಡಿಮೆ. 2019ರಲ್ಲಿ ಲಾಹೋರಿನ ಅರ್ಸಲಾನ್ ಆಶ್ ಎಂಬ ತರುಣನು ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಟೆಕ್ಕೆನ್ ಪಂದ್ಯವನ್ನು ಗೆದ್ದಾಗ, ಲೋಕದ ಆಟಗಾರರಿಗೆ ಅವನ ಹೆಸರೇ ಹೊಸದಾಗಿತ್ತು. ನಮ್ಮಲ್ಲಿ ಇನ್ನೂ ಇಂಥವರು ಇದ್ದಾರೆಂದು ಅವನು ಹೇಳಿದನು. ಕೊರಿಯಾದ ಹೆಸರಾಂತ ಆಟಗಾರನೊಬ್ಬನು ಪಾಕಿಸ್ತಾನಕ್ಕೇ ಹೋಗಿ ನೋಡಿ, ಅಲ್ಲಿಯವರಿಗೆ ಸೋತು, ಕಲಿತು ಬಂದನು. ನಾಣ್ಯ ಹಾಕುವ ಸಣ್ಣ ಕೋಣೆಗಳಲ್ಲಿ, ಒಬ್ಬರ ಹೆಗಲಿಗೆ ಒಬ್ಬರು ಹೆಗಲು ತಾಗಿಸಿ ನಿಂತು ಬೆಳೆದ ವಿದ್ಯೆ ಅದು.

ಅಂಥ ಕೋಣೆಯೊಂದರಿಂದಲೇ ನಾನು ಒಬ್ಬನನ್ನು ಕಿವಿ ಹಿಡಿದು ಎಳೆದು ತಂದಿದ್ದೆ.

ಆ ಬೇಸಗೆಯ ಒಂದು ರಾತ್ರಿ ಮಾಳಿಗೆಯ ಮೇಲೆ ಮಲಗಿದ್ದಾಗ ಮಗನಿಗೆ ಈ ಸಂಗತಿಯನ್ನು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಅಪ್ಪಾ, ಅವತ್ತು ನಾನೂ ಅಲ್ಲೇ ಇದ್ದೆ, ನೀವು ಬರೂದ ನೋಡಿ ಹಿತ್ತಲ ಬಾಗಿಲಿಂದ ಓಡಿದೆ’ ಎಂದನು. ಆಗ ಅವನಿಗೆ ಹತ್ತು ವರ್ಷ. ಮಗಳಿಗೆ ಅವನು ಕಲಿಸಿದ ಕಾಲುಚಕ್ರವನ್ನು ಅವನಿಗೆ ಕಲಿಸಿದವನು ಆ ಹುಡುಗನೇ ಅಂತೆ. ಗುಂಡಿಯ ಗೊಡವೆ ಬೇಡ, ಮೊದಲು ಮೂರು ಸದ್ದು ಬೇರೆ ಬೇರೆ ಕೇಳಲಿ ಎಂಬುದು ಅವನ ಮಾತು. ಕೈಯಲ್ಲಿ ನಾಣ್ಯವಿಲ್ಲದ ಚಿಕ್ಕವರನ್ನು ಪಕ್ಕದ ಕೆಟ್ಟ ಯಂತ್ರದ ಮುಂದೆ ನಿಲ್ಲಿಸಿ ಬರಿಯ ಹಿಡಿಕೆಯ ಮೇಲೆ ತಿದ್ದಿಸುತ್ತಿದ್ದನಂತೆ. ಎಡದಿಂದ ಹತ್ತು, ಬಲದಿಂದ ಹತ್ತು. ಯಾರನ್ನೂ ನಗುತ್ತಿರಲಿಲ್ಲವಂತೆ. ನನ್ನ ಕೈಗೆ ಬಂದ ವಿದ್ಯೆಯ ಗುರುಪರಂಪರೆ ಇದು. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಪಾಲಕರ ಮನಸ್ಸಿನಲ್ಲಿರುವ ಆಕ್ಷೇಪಗಳನ್ನು ನಾನು ಬಲ್ಲೆ, ಅವನ್ನು ತಳ್ಳಿಹಾಕುವುದಿಲ್ಲ. ಶಾಲೆ ತಪ್ಪಿಸಿ ಆಡುವುದು ಅಂದಿಗೂ ತಪ್ಪು, ಇಂದಿಗೂ ತಪ್ಪು. ರಕ್ತ ಹರಿಸುವ ಆಟಗಳೂ ಇವೆ. 1992ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಮಾರ್ಟಲ್ ಕಾಂಬ್ಯಾಟ್’ ಅಂಥದು; ಅದರ ದೆಸೆಯಿಂದ 1993ರಲ್ಲಿ ಅಲ್ಲಿನ ಸೆನೆಟ್ಟಿನಲ್ಲಿಯೇ ವಿಚಾರಣೆ ನಡೆದು, ಮರುವರ್ಷ ಆಟಗಳಿಗೆ ವಯೋಮಾನದ ಗುರುತು ಹಚ್ಚುವ ಪದ್ಧತಿ ಬಂದಿತು. ಆ ಗುರುತನ್ನು ನೋಡಿಯೇ ಕೊಳ್ಳಿರಿ. ನಮ್ಮ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಎಂಬ ಕಟ್ಟಳೆಯಿದೆ. ಅದನ್ನು ಮುರಿಯುವವನು ಹೆಚ್ಚಾಗಿ ನಾನೇ ಎಂದು ನಮ್ಮ ಮನೆಯವರು ದೂರುತ್ತಾರೆ. ಅದಿರಲಿ. ಒಬ್ಬನೇ ಮೂಲೆಯಲ್ಲಿ ಕುಳಿತು ಆಡಬಾರದು, ಪಕ್ಕದಲ್ಲಿ ಇನ್ನೊಬ್ಬ ಮನುಷ್ಯನಿರಬೇಕು ಎಂಬುದು ನನ್ನ ಹಟ. ಇದು ಜೋಡಿ ಕಾಳಗ. ಯಂತ್ರವು ಸೋಲಿಸಿದರೆ ಸಿಟ್ಟು ಬರುತ್ತದೆ. ಮನುಷ್ಯನು ಸೋಲಿಸಿದರೆ ಹೇಗೆ ಸೋಲಿಸಿದನೆಂದು ಕೇಳಬಹುದು.

ಆ ಹುಡುಗನು ಎಲ್ಲಿರುವನೆಂದು ವಿಚಾರಿಸಿದೆ. ಮುಂಬಯಿಗೆ ಹೋದನೆಂದು ಕೆಲವರು, ಇಲ್ಲಿಯೇ ಗಿರಣಿಯ ಕಡೆ ಇರುವನೆಂದು ಕೆಲವರು ಹೇಳಿದರು. ಈಗ ಅವನಿಗೆ ನಲವತ್ತು ಮೀರಿರಬೇಕು. ಅವನ ಮಕ್ಕಳೇ ಶಾಲೆಗೆ ಹೋಗುವ ವಯಸ್ಸು. ಈ ಸಭೆಯಲ್ಲಿ ನನ್ನ ಕೈಕೆಳಗೆ ಓದಿದವರು ಅನೇಕರಿದ್ದೀರಿ. ಅವನೂ ಇರಬಹುದು, ಇಲ್ಲದಿದ್ದರೆ ಈ ಸ್ಮರಣ ಸಂಚಿಕೆಯಾದರೂ ಅವನ ಮನೆಯನ್ನು ತಲಪಬಹುದು. ಅದಕ್ಕಾಗಿಯೇ ಈ ವಿಷಯವನ್ನು ಆರಿಸಿಕೊಂಡೆ. ಅಪ್ಪಾ, ಹೋಗದ ಜಾಗದಲ್ಲಿ ಸೊನ್ನೆಯನ್ನು ಯಾತಕ್ಕೆ ಬರೆಯಬೇಕೆಂದು ನಾನು ನಿನಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಅಂದು ನಿಲ್ಲಿಸಿದ ನಿನ್ನ ಆಟದ ಒಂದು ರೂಪಾಯಿಯೂ ನನ್ನ ಮೇಲೆ ಸಾಲವಿದೆ.

ಸಂಗೀತದವರು ತಂಬೂರಿಯ ಶ್ರುತಿ ಕೂಡಿಸುತ್ತಿದ್ದಾರೆ. ನಾನು ಬೇಗ ಮುಗಿಸಬೇಕು. ನಾಳೆ ಭಾನುವಾರ, ಸಂಘದ ವಾಚನಾಲಯದ ಹಿಂದಿನ ಕೋಣೆಯಲ್ಲಿ ಆ ಪೆಟ್ಟಿಗೆಯನ್ನೂ ಎರಡು ಹಲಗೆಗಳನ್ನೂ ಇಡಿಸಿದ್ದೇನೆ. ಬೆಳಗಿನಿಂದ ಮೊಮ್ಮಗಳು ಅಲ್ಲಿರುತ್ತಾಳೆ. ಸೋತವರು ಎದ್ದು ಮುಂದಿನವರಿಗೆ ಜಾಗ ಬಿಡಬೇಕೆಂಬುದೊಂದೇ ನಿಯಮ. ಮಕ್ಕಳ ಮುಂದೆ ಸೋಲಲು ಸಂಕೋಚವುಳ್ಳ ಹಿರಿಯರು ಮಧ್ಯಾಹ್ನ ಊಟದ ಹೊತ್ತಿಗೆ ಬರಬಹುದು. ಆಗ ನಾನೊಬ್ಬನೇ ಇರುತ್ತೇನೆ.